ದಾರ ತಿನ್ನುವ ಮಣಿ

ಕಮಲಿ, ಆ ಮಣಿಯನ್ನು ನಿನ್ನ ತಟ್ಟೆಗೆ ಹಾಕಿದವಳು ನಾನು. ನಿನ್ನ ಕಣ್ಣು ತಪ್ಪಿದ್ದಲ್ಲ, ಕೈ ತಪ್ಪಿದ್ದೂ ಅಲ್ಲ — ನಾನು ಹಾಕಿದ್ದು, ಬೇಕೆಂದೇ. ನೀನು ಕಣ್ಣು ಮುಚ್ಚಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನೀನು ಬದುಕಿದ್ದಾಗ ಹೇಳಲು ಬೇಕಾದಷ್ಟು ಹೊತ್ತಿತ್ತು.

ಐವತ್ತರ ದಶಕದ ಕೊನೆ. ನಾನು ಸೊರಬದ ಕಡೆಯವಳು, ಉಳವಿಯಿಂದ ಬಂದು ಶಿಕಾರಿಪುರದ ಗಂಗತ್ತೆಯ ಹತ್ತಿರ ಸರ ಪೋಣಿಸುವುದನ್ನು ಕಲಿಯುತ್ತಿದ್ದೆ. ನೀನು ಅಂಜನಾಪುರದಿಂದ ಬಂದಿದ್ದೆ. ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಜೇನುಮೇಣ ಉಜ್ಜಿ, ಅಕ್ಕಪಕ್ಕ ಕೂತು ಕೆಲಸ. ಅಲ್ಲಿ ಕಲಿಯುವವರು ಮೊದಲು ಎತ್ತಿನ ಕೊರಳಿನ ಮಣಿಸರ ಕಟ್ಟಬೇಕು, ಆಮೇಲೆ ಕೂಸಿನ ಕೈಸರ. ಮದುಮಗಳ ಕರಿಮಣಿ ಕೊಟ್ಟರೆಂದರೆ ಕಲಿತದ್ದು ಮುಗಿಯಿತು, ಇನ್ನು ಈ ಕೈಯನ್ನು ಊರು ನಂಬಬಹುದು ಎಂದರ್ಥ. ಪೋಣಿಸುವ ಮೊದಲು ಪ್ರತಿ ಮಣಿಯ ಬಾಯಿಯನ್ನು ಉಗುರಿಗೆ ತಿಕ್ಕಿ ನೋಡಬೇಕು. ಬಾಯಿ ಸೀಳಿದ್ದು ಚೂಪಾಗಿರುತ್ತದೆ. ಒಳಗೇ ಕೂತು ದಾರವನ್ನು ಸವೆಸುತ್ತದೆ. ಗಂಗತ್ತೆ ಅದಕ್ಕೆ ‘ದಾರ ತಿನ್ನೋ ಮಣಿ’ ಎನ್ನುತ್ತಿದ್ದರು. ಅಂಥದ್ದನ್ನು ತೆಗೆದು ತೆಂಗಿನ ಚಿಪ್ಪಿಗೆ ಹಾಕುತ್ತಿದ್ದೆವು.

ನಿನಗಿಂತ ಮೊದಲು ಬಂದವಳು ನಾನು. ಕರಿಮಣಿ ಸಿಕ್ಕಿದ್ದು ನಿನಗೆ. ಹೊಟ್ಟೆ ಉರಿಯಿತು — ಅದಕ್ಕೆ ಬೇರೆ ಹೆಸರಿಲ್ಲ. ನೀನು ನೀರು ಕುಡಿಯಲು ಒಳಗೆ ಹೋದಾಗ ಚಿಪ್ಪಿನಿಂದ ಒಂದನ್ನು ಎತ್ತಿ, ನೀನು ಆರಿಸಿಟ್ಟ ಮಣಿಗಳಲ್ಲಿ ಬೆರೆಸಿದೆ. ಮುಗಿದ ಸರವನ್ನು ಜಗ್ಗಿ, ಮಣಿಮಣಿಯನ್ನೂ ತಿರುಗಿಸಿ ನೋಡದೆ ಗಂಗತ್ತೆ ಯಾರಿಗೂ ಕೊಟ್ಟವರಲ್ಲ. ನೀನು ಸಿಕ್ಕಿಬೀಳುತ್ತೀಯೆ, ಬೈಸಿಕೊಳ್ಳುತ್ತೀಯೆ, ಮತ್ತೆ ಎತ್ತಿನ ಸರಕ್ಕೆ ಇಳಿಯುತ್ತೀಯೆ — ಇಷ್ಟೇ ನಾನು ಬಯಸಿದ್ದು. ಇಷ್ಟೇ ಎಂದು ಈಗಲೂ ಅದನ್ನು ಚಿಕ್ಕದು ಮಾಡುತ್ತಿದ್ದೇನೋ ಏನೋ...

ಅವತ್ತು ಮದುವೆ ಮನೆಯವರು ಬಂದು ಕಾಯುತ್ತಿದ್ದರು. ಗಂಗತ್ತೆ ಸರವನ್ನು ನೋಡದೆಯೇ ಅರಿಶಿನ ಹಚ್ಚಿ ಕೊಟ್ಟುಬಿಟ್ಟರು.

“ಕಮಲಿ ಕಟ್ಟಿದ್ದು ರೀ. ನೋಡೋದೇನೈತಿ ಅದ್ರಾಗ?”

ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಆ ಮದುಮಗಳು ತಾಳಗುಂದದ ಗಂಡನ ಮನೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಅವಳ ಅತ್ತೆ ಸೆರಗಿನಲ್ಲಿ ಮಣಿ ಗಂಟು ಕಟ್ಟಿಕೊಂಡು ಬಂದರು. ಬಳೆ ಒಡೆದರೆ, ಕರಿಮಣಿ ಹರಿದರೆ ನಮ್ಮಲ್ಲಿ ಹಾಗೆನ್ನುವುದಿಲ್ಲವಲ್ಲ, ಹೆಚ್ಚಿತು ಎನ್ನುತ್ತೇವೆ. ಅವರೂ ಹಾಗೇ ಅಂದರು: “ಸರ ಹೆಚ್ಚೈತ್ರೀ, ಗಂಗಮ್ಮಾರ.” ಆಮೇಲೆ ನಿನ್ನ ಕಡೆ ನೋಡಿ, “ಈಕೀದೇನು ಆ ಕೈ?”

ಗಂಗತ್ತೆ ಆ ಸೀಳುಬಾಯಿಯ ಮಣಿಯನ್ನು ಹುಡುಕಿ ತೆಗೆದರು. ನಿನ್ನ ಮುಖ ಬಿಳಿಚಿಕೊಂಡಿತು. “ನಂದಾ ತಪ್ಪು, ಅತ್ತಿ. ನಾನಾ ನೋಡ್ಲಿಲ್ಲ,” ಎಂದೆ ನೀನು. ನಾನು ಪಕ್ಕದಲ್ಲೇ ದಾರಕ್ಕೆ ಮೇಣ ಉಜ್ಜುತ್ತಾ ಕೂತಿದ್ದೆ.

ಆ ಹುಡುಗಿಯ ಗಂಡನಿಗೆ ಏನೂ ಆಗಲಿಲ್ಲ. ಮೊಮ್ಮಕ್ಕಳನ್ನು ಆಡಿಸಿಯೇ ಹೋದ. ಆದರೆ ನಿನಗೆ ಹೆಸರು ಬಿತ್ತು — ‘ಹೆಚ್ಚಿಸೋ ಕೈ’. ಎಂಥ ಒಳ್ಳೆಯ ಮಾತು, ಅದನ್ನೇ ನಿನ್ನ ಮೇಲೆ ಎಸೆದರು! ಮತ್ತೆ ಒಬ್ಬ ಮದುಮಗಳೂ ನಿನ್ನ ಹತ್ತಿರ ಬರಲಿಲ್ಲ. ನೀನು ಬದುಕಿಡೀ ಎತ್ತಿನ ಸರ ಕಟ್ಟಿದೆ. ಮುಂದಿನ ಕರಿಮಣಿ ನನ್ನ ಪಾಲಿಗೆ ಬಂತು. ಊರಿಗೆ ಮರಳಿ ಅದನ್ನೇ ಕಸುಬು ಮಾಡಿಕೊಂಡೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ — ನಾನು ಮಾಡಿದ್ದನ್ನು ನೀನು ಉಂಡೆ.

ಅಷ್ಟಕ್ಕೇ ಮುಗಿದಿದ್ದರೆ... ನಿನ್ನ ಮಗಳ ಮದುವೆ ಗೊತ್ತಾದಾಗ ನೀನು ಬಸ್ಸು ಹಿಡಿದು ಉಳವಿಗೆ ಬಂದೆ. ಮಣಿಯ ಗಂಟನ್ನು ನನ್ನ ಮಡಿಲಿಗಿಟ್ಟೆ. ಎಲ್ಲವೂ ನೀನೇ ಉಗುರಿಗೆ ತಿಕ್ಕಿ ಆರಿಸಿದ್ದ ಮಣಿಗಳು. ಒಂದನ್ನೂ ತೆಗೆದುಹಾಕುವ ಹಾಗಿರಲಿಲ್ಲ.

“ನೀನಾ ಪೋಣಿಸಿಕೊಡು. ನನ್ನ ಕೈ ಅಕಿಗೆ ಬ್ಯಾಡ.”

ಸ್ವಂತ ಮಗಳಿಗೆ, ಕಮಲಿ! ಆಗಲಾದರೂ ಗಂಟನ್ನು ನಿನಗೇ ಹಿಂದಿರುಗಿಸಿ, ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ ಕಣೇ ಎನ್ನಬೇಕಿತ್ತು. ನಾನು ದಾರವನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡೆ. ನೀನು ಎದುರಿಗೆ ಕೂತು ನೋಡುತ್ತಿದ್ದೆ — ಏನನ್ನೂ ಮುಟ್ಟದೆ, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಹೊರಡುವಾಗ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಆ ಒದ್ದೆ ಇನ್ನೂ ಆರಿಲ್ಲ.

ಈಗ ನಿನ್ನ ಮೊಮ್ಮಗಳ ಮದುವೆ. ನಿನ್ನ ಮಗಳು ಹೇಳಿಕಳಿಸಿದ್ದಾಳೆ: “ಚಿಕ್ಕವ್ವ, ಸರ ನಿಮ್ಮ ಕೈಲೇ ಆಗ್ಬೇಕು. ಅವ್ವ ಹಂಗ ಹೇಳಿ ಹೋಗ್ಯಾಳ.”

ನಾಳೆ ಹೋಗುತ್ತೇನೆ. ಪೋಣಿಸುವುದಕ್ಕಲ್ಲ. ಅವಳೆದುರು ಕೂತು, ಅವಳ ಅವ್ವನ ಕೈ ಎಂಥದಿತ್ತು, ಆ ಮಣಿ ಎಲ್ಲಿಂದ ಬಂತು ಎಂದು ಹೇಳುವುದಕ್ಕೆ. ಆಮೇಲೆ ಅವಳು ನನ್ನನ್ನು ಹೊಸಿಲಾಚೆ ನೂಕಿದರೂ ಸರಿಯೇ. ಅವಳಿಗೆ ಹೇಳುತ್ತೇನೆ. ನಿನಗೆ ಹೇಳಲಿಲ್ಲವಲ್ಲ ಕಮಲಿ — ನಿನಗೆ ಹೇಳಲಿಲ್ಲ.