ಸಾವಿರದನೇ ಟೋಕನ್

ಶ್ರೀನಿವಾಸಪುರದ ಮಾವಿನ ಮಂಡಿಯವರಿಗೆಲ್ಲ ಸುನಂದ ‘ವೆಬ್‌ಸೈಟ್ ಅಕ್ಕ’. ಆ ವಿದ್ಯೆಯನ್ನು ಅವಳು ಯಾವ ಕಾಲೇಜಿನಲ್ಲೂ ಓದಿದವಳಲ್ಲ. ರಾಯಲ್ಪಾಡಿನಿಂದ ಮದುವೆಯಾಗಿ ಬಂದ ಮೇಲೆ ಫೋನಿನಲ್ಲಿ ವಿಡಿಯೊ ನೋಡಿ, ಬೇರೆಯವರ ಪುಟಗಳಿಂದ ಸಾಲುಗಳನ್ನು ಎತ್ತಿಕೊಂಡು, ಕೆಟ್ಟರೆ ಸರಿಮಾಡಿ, ಸರಿಯಾದರೆ ಯಾಕೆ ಸರಿಯಾಯಿತೆಂದು ಕೇಳದೆ ಕಲಿತವಳು. ಸಾಹುಕಾರ ಅಮರನಾಥರ ಮಂಡಿಗೆ ಮಾಡಿಕೊಟ್ಟ ಟೋಕನ್ ಪುಟದಿಂದಲೇ ಅವಳಿಗೆ ಹೆಸರು ಬಂದದ್ದು. ಮಾವು ತಂದ ಗಾಡಿಗೆ ಗೇಟಿನಲ್ಲಿ, ಸೀಸನ್ ಪೂರ್ತಿ ಸಾಲಾಗಿ ಮುಂದುವರಿಯುವ ಒಂದು ನಂಬರು ಕೊಡುತ್ತಿದ್ದರು. ಹರಾಜಿಗೆ ಯಾರ ಸರದಿಯೆಂದು ರೈತರು ಫೋನಿನಲ್ಲೇ ನೋಡಿಕೊಂಡು ಮರದ ನೆರಳಲ್ಲಿ ಮಲಗಬಹುದಿತ್ತು.

ಪಕ್ಕದ ಬೀದಿಯಲ್ಲಿ ಹಣ್ಣಿನ ಪೆಟ್ಟಿಗೆ ಮಾಡುವ ರಹಮತ್ತುಲ್ಲಾ ಅವರ ಮಗಳು ಸಬಾಗೆ ಕೀಬೋರ್ಡು ಹಿಡಿಸಿದವಳೂ ಅವಳೇ. ಆದರೆ ಸಬಾ ಅಲ್ಲಿಗೆ ನಿಲ್ಲಲಿಲ್ಲ. ಆನ್‌ಲೈನ್ ಕೋರ್ಸಿಗೆ ಸೇರಿ ಬುಡದಿಂದ ಕಲಿತಳು. ಈ ಸಲ ಅಮರನಾಥರು ರೈತರಿಗೆ ತೆಲುಗಿನಲ್ಲೂ ಮೆಸೇಜು ಹೋಗಬೇಕೆಂದಾಗ ಸುನಂದ ಕೂತು ಕೂತು ಸೋತಳು. ಸಬಾ ಮಾಡಿಕೊಟ್ಟಳು.

“ಇನ್ಮೇಲೆ ಪುಟ ಆ ಹುಡುಗೀನೇ ನೋಡ್ಕೊಳ್ಳಲಿ ಸುನಂದಮ್ಮ. ನಿಮಗೂ ಮನೆ ಕೆಲಸ ಇರುತ್ತಲ್ಲ,” ಎಂದರು ಅಮರನಾಥರು.

ಸಬಾಳನ್ನು ಮಂಡಿಯಲ್ಲಿ ‘ಮೇಡಂ’ ಎಂದು ಕರೆದು ಕುರ್ಚಿ ಹಾಕಿದರೆಂದು ಆಮೇಲೆ ತಿಳಿಯಿತು. ತನ್ನನ್ನು ಇಷ್ಟು ವರ್ಷ ಅಕ್ಕ ಅಕ್ಕ ಎನ್ನುತ್ತ ನಿಲ್ಲಿಸಿಯೇ ಮಾತಾಡಿಸಿದ್ದರು. ಆ ಕುರ್ಚಿ ಸುನಂದಳ ಕಣ್ಣಿಂದ ಹೋಗಲಿಲ್ಲ. ಯಾರಿಗೂ ಹೇಳದೆ ಅದೇ ಕೋರ್ಸಿಗೆ ಸೇರಿದಳು.

ಅತ್ತೆ ಬೈರಮ್ಮ ಸೊಪ್ಪು ಬಿಡಿಸುತ್ತ ಪಾಠದ ವಿಡಿಯೊವನ್ನು ಇಣುಕಿ ನೋಡಿದರು. “ಏನಮ್ಮಾ, ಒಂದು ಎರಡು ಅಂತ ಹೇಳಿಕೊಡ್ತಾವ್ನೆ. ನಿನಗೆ ಇಷ್ಟು ದಿನ ಎಣಿಸೋಕೆ ಬರ್ತಿರಲಿಲ್ವಾ?”

“ಬರ್ತಿತ್ತು ಅಂದ್ಕೊಂಡಿದ್ದೆ ಅತ್ತೆ.”

ಮೂರನೇ ಪಾಠದಲ್ಲಿ ಅವಳ ಕೈ ನಿಂತಿತು. ನಾವು ಹೇಳದಿದ್ದರೆ ಯಂತ್ರ ಅಂಕಿಯನ್ನೂ ಅಕ್ಷರದಂತೆಯೇ ಜೋಡಿಸುತ್ತದೆ, ಎಡದ ಮೊದಲ ಅಂಕಿಯಿಂದ ಹೋಲಿಸಿ 1000ವನ್ನು 999ಕ್ಕಿಂತ ಮುಂದೆ ನಿಲ್ಲಿಸುತ್ತದೆ, ಎಂದರು ಮೇಷ್ಟರು. ಅವಳ ಪುಟದಲ್ಲಿ ಇದ್ದದ್ದು ಅದೇ ತಪ್ಪು. ಇಷ್ಟು ವರ್ಷ ಅದು ಹೊರಬೀಳದಿರಲು ಅಮರನಾಥರ ಶಾಸ್ತ್ರವೇ ಕಾರಣ. ಒಂದರಿಂದ ಬೇಡ, ನೂರಾ ಒಂದರಿಂದ ಶುರು ಮಾಡಿ, ಶುಭ, ಎಂದಿದ್ದರು. ಹಾಗಾಗಿ ಎಲ್ಲ ನಂಬರಿಗೂ ಮೂರೇ ಅಂಕಿ. ಯಾವ ಸೀಸನ್ನೂ ಸಾವಿರ ದಾಟಿರಲಿಲ್ಲ. ಈ ಸಲ ಫಸಲು ಜೋರಾಗಿತ್ತು. ಇನ್ನೊಂದು ವಾರಕ್ಕೆ ದಾಟುವುದು ಖಂಡಿತ. ದಾಟಿದರೆ ಆಗಷ್ಟೇ ಬಂದ ಗಾಡಿ ಮೊದಲಾಗಿ, ಬೆಳಗಿನಿಂದ ಕಾದವರು ಹಿಂದೆ ಬೀಳುತ್ತಾರೆ. ಮಂಡಿಯಲ್ಲಿ ಗಲಾಟೆಯಾಗುತ್ತದೆ. ಬೈಗುಳವೆಲ್ಲ ಮೇಡಂಗೆ.

ಸುನಂದ ಫೋನೆತ್ತಿ ಸಬಾಳ ಹೆಸರು ತೆಗೆದಳು. ನೋಡಿದಳು. ಕೆಳಗಿಟ್ಟಳು.

ಆ ವಾರವೆಲ್ಲ ಸಂಜೆ ದೇವರಿಗೆ ದೀಪ ಹಚ್ಚಿದಳು, ಆದರೆ ಏನನ್ನೂ ಬೇಡಿಕೊಳ್ಳಲಿಲ್ಲ. ಮನಸ್ಸಿನಲ್ಲಿದ್ದದ್ದು ಬೇಡಿಕೊಳ್ಳುವಂಥದ್ದಾಗಿರಲಿಲ್ಲ.

ಸಾವಿರ ಬರುವ ದಿನ ಒಲೆಯ ಮೇಲೆ ಹಾಲಿಟ್ಟು ಫೋನನ್ನೇ ನೋಡುತ್ತ ನಿಂತಳು. 998, 999. ಅದರ ಕೆಳಗೆ, ಇರಬೇಕಾದ ಜಾಗದಲ್ಲೇ, 1000. ಹಾಲು ಉಕ್ಕಿ ಒಲೆಯೆಲ್ಲ ತೊಯ್ದಿತು. ಸಬಾ ಯಾವಾಗಲೋ ಸರಿಮಾಡಿದ್ದಳು. ಸದ್ಯ, ಯಾರಿಗೂ ತೊಂದರೆಯಾಗಲಿಲ್ಲ ಎನ್ನಿಸಬೇಕಿತ್ತು. ಅದರ ಬದಲು ಹೊಟ್ಟೆ ಇನ್ನಷ್ಟು ಉರಿಯಿತು.

ಅಷ್ಟರಲ್ಲಿ ಸಬಾಳದೇ ಫೋನು ಬಂತು. “ಅಕ್ಕಾ, ಸಾವಿರ ದಾಟ್ತು, ನೋಡಿದ್ರಾ? ಪುಟ ಕೈಗೆ ಬಂದ ದಿನಾನೇ ಒಂದು ಸಾಲು ಬದಲಾಯಿಸಿದ್ದೆ. ಸಾಹುಕಾರರಿಗೇನೂ ಹೇಳಿಲ್ಲ. ಆದ್ರೂ ನೀವು ಭಾರಿ ಜಾಣೆ ಕಣಕ್ಕಾ. ಆ ತೊಂದರೆ ಗೊತ್ತಿದ್ದೇ ನೂರಾ ಒಂದರಿಂದ ಶುರು ಮಾಡಿದ್ರಲ್ವಾ?”

ಹೂಂ ಎಂದಿದ್ದರೆ ಸಾಕಿತ್ತು. ಹುಡುಗಿ ನಂಬುತ್ತಿದ್ದಳು. ಆದರೆ ಅವಳೇ ಎತ್ತಿ ಕೊಟ್ಟ ಜಾಣತನವನ್ನು ಇಟ್ಟುಕೊಳ್ಳುವುದು ಸುನಂದಳಿಂದಾಗಲಿಲ್ಲ.

“ಇಲ್ಲ ಕಣೇ. ಅದು ಸಾಹುಕಾರರ ಶುಭ. ನನಗೇನೂ ಗೊತ್ತಿರಲಿಲ್ಲ. ಹೋದ ವಾರ ನಿನ್ನ ಕೋರ್ಸಲ್ಲೇ ನೋಡಿದೆ.”

ಆ ಕಡೆಯಿಂದ ರಹಮತ್ತುಲ್ಲಾ ಅವರ ಸುತ್ತಿಗೆಯ ಸದ್ದು ಕೇಳಿಸಿತು.

“ಹೋದ ವಾರಾನಾ?” ಎಂದಳು ಸಬಾ.

“ಹೂಂ.”

“ಒಂದು ಮಾತು ಹೇಳಬಹುದಿತ್ತಲ್ಲಕ್ಕಾ.”

“ಹೇಳಬಹುದಿತ್ತು.”

ಮತ್ತೆ ಸುತ್ತಿಗೆಯ ಸದ್ದು. ಕೊನೆಗೆ ಸಬಾ, “ನಾಕನೇ ಪಾಠ ಕಷ್ಟ ಅಕ್ಕಾ. ತಿಳೀದಿದ್ರೆ ಕೇಳಿ,” ಎಂದು ಫೋನಿಟ್ಟಳು. ದನಿಯಲ್ಲಿ ಮೊದಲಿನ ನಗು ಇರಲಿಲ್ಲ.

ಸುನಂದ ಒಲೆ ಒರೆಸಿ ನಾಕನೇ ಪಾಠ ತೆಗೆದಳು. ಎರಡು ದಿನ ಹಟ ಹಿಡಿದು ಒಬ್ಬಳೇ ಕೂತಳು. ಮೂರನೆಯ ದಿನ ಮನೆಗೆಲಸ ಮುಗಿಸಿ, ಲ್ಯಾಪ್‌ಟಾಪನ್ನು ಸೆರಗಿನಡಿ ಹಿಡಿದು ಪಕ್ಕದ ಬೀದಿಗೆ ನಡೆದಳು. ಸಬಾ ಎದ್ದು, ಅಪ್ಪ ಆಗಷ್ಟೇ ಹೊಡೆದಿಟ್ಟ ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಕೂರಲು ಕೊಟ್ಟಳು.