ಅಕ್ಕನ ಆಲ್ಬಮ್ಮೂ ನಾನು ಮುಳುಗಿಸಿದ ಹಡಗೂ

ದೊಡ್ಡಮ್ಮನ ಮಗಳ ಮೊದಲ ಆಲ್ಬಮ್ಮನ್ನು ಕುಂದಾಪುರದಲ್ಲಿ ಬಿಡುಗಡೆ ಮಾಡಿಸಿದವನು ನಾನು. ಅದನ್ನು ಮುಗಿಸಿದವನೂ ನಾನೇ ಎಂದು ಮನೆಯವರೆಲ್ಲ ಹೇಳುತ್ತಾರೆ. ಇಷ್ಟು ದೊಡ್ಡ ಕೆಲಸ ನನ್ನ ಕೈಯಲ್ಲಿ ಆದೀತು ಎಂದು ಅವರು ನಂಬಿದ್ದು ಇದೊಂದೇ ಸಲ.

ಅಕ್ಕ ಹುಟ್ಟಿದ್ದು ಕುಂದಾಪುರದ ಪಕ್ಕದ ಕೋಡಿಯಲ್ಲಿ, ಬೆಳೆದದ್ದು ಬೊಂಬಾಯಿಯಲ್ಲಿ. ದೊಡ್ಡಪ್ಪ ಅಲ್ಲಿಯ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡುತ್ತಿದ್ದರು. ಅವರ ಚಾಳಿನ ಹಿಂದೆ ಒಬ್ಬರು ಪಾರ್ಸಿ ಮುದುಕಿ ಪಿಯಾನೋ ಇಟ್ಟುಕೊಂಡು ಒಪೆರಾ ಕಲಿಸುತ್ತಿದ್ದರು. ಒಪೆರಾ ಅಂದರೆ ಪರದೇಶದ ಹಾಡಿನ ನಾಟಕ. ನಮ್ಮ ಯಕ್ಷಗಾನದ ಹಾಗೇ, ಆದರೆ ಭಾಗವತರಿಲ್ಲ, ವೇಷ ಹಾಕಿದವರೇ ಹಾಡಿಕೊಂಡು ಸಾಯಬೇಕು. ಅದರಲ್ಲಿ ಹೆಂಗಸರ ಅತಿ ಎತ್ತರದ ದನಿಗೆ ಸೊಪ್ರಾನೊ ಎನ್ನುತ್ತಾರೆ. ಅಕ್ಕನದು ಆ ದನಿ. ಬೊಂಬಾಯಿಯ ಪೇಪರಿನವರು ಬೆಳೆಯುತ್ತಿರುವ ಗಾಯಕಿ ಎಂದು ಅವಳ ಫೋಟೋ ಹಾಕಿದ್ದರು. ಒಂದು ಸಣ್ಣ ಕಂಪೆನಿ ಅವಳ ಆರಿಯಾಗಳ ಸಿ.ಡಿ. ತಂದಿತು. ಕತೆಯನ್ನು ನಿಲ್ಲಿಸಿ, ಒಬ್ಬಳೇ ನಿಂತು, ಎದೆಯಲ್ಲಿದ್ದದ್ದನ್ನೆಲ್ಲ ಹಾಡಿಬಿಡುವುದಕ್ಕೆ ಆರಿಯಾ ಅನ್ನುತ್ತಾರೆ. ಆ ಸಿ.ಡಿ.ಯ ಬಲದಿಂದಲೇ ಇಟಲಿಯ ಹಾಡಿನ ಶಾಲೆಯೊಂದರಲ್ಲಿ ಅವಳಿಗೆ ಸೀಟೂ ಸಿಕ್ಕಿತು.

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಕೋಡಿಗೆ ಮರಳಿದ್ದರು. ಅವರು ಒಪ್ಪದೆ ಅಕ್ಕ ವಿಮಾನ ಹತ್ತುವವಳಲ್ಲ. ಕೇಳಲು ಊರಿಗೆ ಬಂದಳು.

"ನಿನ್ ಹಾಡ್ ನಂಗ್ ಅರ್ಥ ಆತಿಲ್ಲೆ" ಅಂದರು ದೊಡ್ಡಮ್ಮ. "ಊರಿನ್ ನಾಕ್ ಜನ ಕೂಕಂಡ್ ಕೇಂಡ್, ಒಳ್ಳೇದಿತ್ತ್ ಅಂದ್ರೆ ಹೋಗ್. ಎದ್ದ್ ಹೋದ್ರೆ ಇಲ್ಲೇ ಇರ್. ಮತ್ತೆ ಆ ಸುದ್ದಿ ಎತ್ತೂಕಿಲ್ಲೆ."

ಅಕ್ಕ ಒಪ್ಪಿದಳು. ಸಿ.ಡಿ. ಬಿಡುಗಡೆಯ ನೆಪದಲ್ಲಿ ಜನ ಕೂರಿಸುವ ಕೆಲಸ ನನಗೆ ಬಂತು.

ಆಗ ನನ್ನ ಹೊಟ್ಟೆಪಾಡು ಮೈಕಿನದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ರಿಕ್ಷಾದಲ್ಲಿ ಕೂತು ಕ್ರಿಕೆಟ್ ಟೂರ್ನಮೆಂಟು, ಯಕ್ಷಗಾನದ ಆಟ, ಸೀರೆ ಅಂಗಡಿಯ ಡಿಸ್ಕೌಂಟು ಎಲ್ಲವನ್ನೂ ಒಂದೇ ರಾಗದಲ್ಲಿ ಕೂಗುತ್ತಿದ್ದೆ. ಅಕ್ಕನನ್ನೂ ಹಾಗೇ ಕೂಗಿದೆ. "ಇಟಲಿ, ಲಂಡನ್, ಅಮೇರಿಕ ನಡುಗಿಸಿದ ಕೋಡಿಯ ಕೋಗಿಲೆ!" ಇಟಲಿಗೆ ಹೋಗುವ ಮೊದಲೇ ನಾನು ಅವಳನ್ನು ಮೂರು ದೇಶ ಸುತ್ತಿಸಿ ತಂದಿದ್ದೆ. ಕೊನೆಗೆ "ಬಂದವರಿಗೆಲ್ಲ ಊಟ" ಎಂದೂ ಸೇರಿಸಿದೆ. ಸಭಾಭವನ ತುಂಬಿತು.

ಮಳೆಗಾಲದ ಮೀನುಗಾರಿಕೆಯ ರಜೆ ಮುಗಿಯುತ್ತಿದ್ದ ಸಮಯ. ಬೋಟುಗಳಿಗೆ ಬಣ್ಣ ಬಳಿದು, ಬಲೆ ಏರಿಸಿ, ಕಡಲಿಗಿಳಿಯಲು ನಮ್ಮವರು ತಯಾರಾಗಿದ್ದರು. ಗಂಡಸರು ಪುರುಸೊತ್ತಿನಲ್ಲಿದ್ದಾರೆ ಎಂದು ನಾನೇ ಆ ದಿನ ಗೊತ್ತು ಮಾಡಿದ್ದೆ. ನನ್ನ ಬುದ್ಧಿಗೆ ನಾನೇ ಶಾಲು ಹೊದೆಸಿಕೊಳ್ಳುವುದೊಂದು ಬಾಕಿ.

ದೀಪ ಹಚ್ಚಿದ್ದಾಯಿತು. ಗಣ್ಯರು ಮಿರಿಮಿರಿ ಕಾಗದ ಬಿಚ್ಚಿ, ಸಿ.ಡಿ.ಯನ್ನು ಎದೆಯ ಹತ್ತಿರ ಹಿಡಿದು ಫೋಟೋಕ್ಕೆ ನಿಂತರು. ಭಾಷಣಗಳಾದವು. ಒಬ್ಬರು ಅಕ್ಕನನ್ನು ಭರತನಾಟ್ಯದವಳೆಂದು ಹೊಗಳಿದರು. ಪಾಯಸದ ಪರಿಮಳ ಬರತೊಡಗಿದಾಗ ಅವಳ ಸರದಿ ಬಂತು.

"ಅರ್ಥ ಒಂಚೂರ್ ಹೇಳ್, ಸಾಕ್" ಎಂದಿದ್ದಳು ಅಕ್ಕ. ಒಂಚೂರು ಹೇಳುವ ಅಭ್ಯಾಸ ನನಗೆಲ್ಲಿಯದು? ಟೂರ್ನಮೆಂಟಿನ ಫೈನಲ್‌ಗೆ ಇಟ್ಟುಕೊಂಡಿದ್ದ ದನಿ ತೆಗೆದೆ.

"ಮಹಾಜನಗಳೇ! ಮದುಮಗಳು ದಡದಲ್ಲಿ ಕಾಯುತ್ತಿದ್ದಾಳೆ. ಗಂಡ ಕಡಲಿಗೆ ಹೋಗಿದ್ದಾನೆ. ಅಗೋ ಗಾಳಿ! ಅಗೋ ತೆರೆ! ಹಡಗು ಮುಳುಗಿತು! ಒಬ್ಬನೂ, ಒಬ್ಬನೇ ಒಬ್ಬನೂ ಬದುಕಲಿಲ್ಲ! ಈಗ ಅವಳು ಕರಿಮಣಿ ಕಿತ್ತೆಸೆದು ಹಾಡುತ್ತಾಳೆ... ಜೋರಾಗಿ ಚಪ್ಪಾಳೆ!"

ಕರಿಮಣಿ ನಾನು ಸೇರಿಸಿದ್ದು. ಇಟಲಿಯವರಿಗೆ ಅದೆಲ್ಲಿಂದ ಬರಬೇಕು?

ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಬೋಟಿನವರ ಹೆಂಡತಿಯರು ಕುತ್ತಿಗೆಗೆ ಕೈ ಇಟ್ಟುಕೊಂಡರು. ಒಬ್ಬ ಅಜ್ಜಿ ಎದ್ದು ನಿಂತರು.

"ಹ್ವಾಯ್ ಮೈಕಿನವ್ನೇ, ನಾಳೆ ನಮ್ ಮಕ್ಳ್ ಕಡ್ಲಿಗ್ ಹೋಪೋರ್. ನಿನ್ನ್ ಬಾಯಿಗ್ ಮಣ್ಣ್ ಹಾಕ!"

"ಅಜ್ಜಿ, ಅದ್ ಇಟಲಿ ಹಡ್ಗ್" ಎಂದೆ. ಅದನ್ನೂ ಮೈಕಿನಲ್ಲೇ ಹೇಳಿದೆ.

ಅಜ್ಜಿ ಸೊಸೆಯನ್ನು ಎಬ್ಬಿಸಿದರು. ಸೊಸೆಯ ಹಿಂದೆ ಒಂದು ಸಾಲು, ಆ ಸಾಲಿನ ಹಿಂದೆ ಮತ್ತೊಂದು. ಅಕ್ಕ ನನ್ನ ಕೈಯಿಂದ ಮೈಕು ತೆಗೆದು ಕೆಳಗಿಟ್ಟಳು. ಬರಿಯ ಗಂಟಲಲ್ಲಿ ಹಾಡಿದಳು. ಅಂಥದ್ದನ್ನು ನಾನು ಆ ಮೊದಲು ಕೇಳಿರಲಿಲ್ಲ. ಮಾಡಿನ ಹಂಚಿಗೆ ತಾಗಿ ದನಿ ಕೆಳಗಿಳಿಯುತ್ತಿತ್ತು. ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದವರು ಒಂದು ಗಳಿಗೆ ಬಗ್ಗಿದ್ದಲ್ಲೇ ನಿಂತರು. ಕೂತೇ ಬಿಡುತ್ತಾರೆ ಅಂದುಕೊಂಡೆ. ಚಪ್ಪಲಿ ಸಿಕ್ಕಿತು, ಹೋದರು. ಊಟಕ್ಕೂ ಯಾರೂ ನಿಲ್ಲಲಿಲ್ಲ. ನಮ್ಮೂರಲ್ಲಿ ಪಾಯಸ ಬಿಟ್ಟು ಹೋಗುವಷ್ಟು ಜನರನ್ನು ಹೆದರಿಸಿದ ಕಲಾವಿದ ನಾನೊಬ್ಬನೇ ಇರಬೇಕು.

ಹಾಡು ಮುಗಿದಾಗ ಖಾಲಿ ಕುರ್ಚಿಗಳ ನಡುವೆ ದೊಡ್ಡಮ್ಮ ಕೂತಿದ್ದರು.

"ದೀಪದ್ ಎದ್ರ್ ಎಂತಕ್ ಮರ್ಕುದ್ ಹೆಣೆ?" ಎಂದರು. ಅಳುವುದಕ್ಕೆ ನಮ್ಮಲ್ಲಿ ಮರ್ಕುವುದು ಎನ್ನುತ್ತಾರೆ.

"ಮರ್ಕುದಲ್ಲಮ್ಮ, ಹಾಡ್."

"ಮರ್ಕ್ದಾಂಗೇ ಕೇಂತ್." ದೊಡ್ಡಮ್ಮ ಎದ್ದು ಸೆರಗು ಕೊಡವಿದರು. "ಎದ್ದ್ ಹೋದ್ರ್, ಕಂಡ್ಯಲೆ?"

ತಪ್ಪು ನನ್ನದು ಎಂದು ಅಕ್ಕ ಹೇಳಬಹುದಿತ್ತು. ನಾನು ಹೇಳಲು ಬಾಯಿ ತೆರೆದೆ. "ನೀ ಬಾಯ್ ಮುಚ್ಚ್" ಎಂದರು ಇಬ್ಬರೂ ಒಟ್ಟಿಗೆ. ಅಮ್ಮ ಮಗಳು ಆ ದಿನ ಒಪ್ಪಿಕೊಂಡದ್ದು ಇದೊಂದು ಮಾತನ್ನೇ.

ಆ ವರ್ಷ ಒಂದು ದೋಣಿಯೂ ಮುಳುಗಲಿಲ್ಲ. ಬಂಗುಡೆ ರಾಶಿ ರಾಶಿ ಬಂತು. ಅದು ಅಕ್ಕನ ಹಾಡಿನಿಂದ ಎಂದು ಯಾರೂ ಹೇಳಲಿಲ್ಲ.

ಜನರ ಮನಸ್ಸು ತಿರುಗಿಸುತ್ತೇನೆಂದು ನಾನು ಸಿ.ಡಿ.ಗಳನ್ನು ಹೊತ್ತು ತಿರುಗಿದೆ. ಕೊಲ್ಲೂರಿನ ಅಂಗಡಿಯೊಂದರಲ್ಲಿ ಭಜನೆಗಳ ನಡುವೆ ಇಡಿಸಿದೆ. ಮುಂದಿನ ವಾರ ಹೋದಾಗ ಅಂಗಡಿಯವರು ಕಟ್ಟು ಹಿಂದಕ್ಕೆ ದೂಡಿದರು. "ಮಾರಾಯಾ, ತಕಂಡ್ ಹೋದೋರ್ ವಾಪಸ್ ತಂದ್ರ್. ಇದ್ರೊಳ್ಗೆ ಯಾವ್ದೋ ಹೆಂಗ್ಸಿಗೆ ಹೊಡೀತಿದ್ರ್ ಅಂಬ್ರ್." ಇಟಲಿಯ ಶಾಲೆಯವರು ಯಾವಾಗ ಬರುತ್ತೀ ಎಂದು ಅಕ್ಕನಿಗೆ ಕೆಲವು ಸಲ ಬರೆದು ಕೈಬಿಟ್ಟರು. ಬೊಂಬಾಯಿಯ ಕಂಪೆನಿ ಬಾಗಿಲು ಹಾಕಿತು. ಉಳಿದ ಸಿ.ಡಿ.ಗಳನ್ನು ಅವರು ಅಕ್ಕನ ವಿಳಾಸಕ್ಕೇ ಕಳಿಸಿಕೊಟ್ಟರು.

ಅಕ್ಕ ಬ್ರಹ್ಮಾವರದ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಸಣ್ಣ ಮಕ್ಕಳ ಟೀಚರ್ ಆದಳು. ಪ್ರಾರ್ಥನೆಗೆ ಅವಳ ದನಿ ಜಾಸ್ತಿಯಾಯಿತೆಂದು ಮೊದಲ ತಿಂಗಳೇ ದೂರು ಬಂತು. ತಗ್ಗಿಸಿದಳು. ಆಮೇಲೆ ತುಟಿ ಮಾತ್ರ ಆಡಿಸುತ್ತಿದ್ದಳಂತೆ. ದೊಡ್ಡಮ್ಮ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ಅಂಗಳದಲ್ಲಿ ಒಣಮೀನಿನ ಮೇಲೆ ಕಟ್ಟಿದರು. ಬಿಸಿಲಿಗೆ ಹೊಳೆದರೆ ಕಾಗೆ ಬರುವುದಿಲ್ಲ. ನಿಜಕ್ಕೂ ಬರುತ್ತಿರಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ ಒಂದು ಭಾನುವಾರ, ಗುಜರಿಯಲ್ಲಿ ಸಿಕ್ಕ ಪ್ಲೇಯರ್ ಹಿಡಿದು ಕೋಡಿಗೆ ಹೋದೆ. ಅಕ್ಕನಿಗೆ ಕೇಳಿಸಿ ಖುಷಿಪಡಿಸುವ ಇರಾದೆ. ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಅವಳು ಅಂಗಳದಲ್ಲಿ ಮೀನು ಮಗುಚುತ್ತಿದ್ದಳು. ನಾನು ದಾರದಿಂದ ಒಂದನ್ನು ಬಿಚ್ಚಿ, ಒರೆಸಿ, ಒಳಗೆ ಹೋಗಿ ಹಾಕಿದೆ. ಉಪ್ಪು ತಿಂದ ತಟ್ಟೆ ಕರ್ರ್ ಅಂದಿತು. ನಡುವಿನಿಂದ ಒಂದು ದನಿ ಎದ್ದು, ಮೇಲೆ ಹೋಗಿ, ಅಲ್ಲೇ ಸಿಕ್ಕಿಕೊಂಡಿತು.

ಅಕ್ಕ ಓಡಿ ಬಂದಳು.

"ಅಯ್ಯೋ, ಇದಾ! ಬಂದ್ ಮಾಡಾ ಮಾರಾಯಾ. ಬೆಕ್ಕ್ ಬಂತ್ ಅಂದ್ ಕಂಡೆ."

ನಗುತ್ತಿದ್ದಳು. ನಾನೂ ನಕ್ಕು ಬಂದ್ ಮಾಡಿದೆ. ಅವಳ ಕೈಯಲ್ಲಿ ನಿಜವಾಗಿಯೂ ಕೋಲಿತ್ತು.