ಬೆನ್ನುನೋವಿನ ರಜೆ

ನಾನಾಗ ಗೋವಾದ ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ನರ್ಸ್. ಬಿಜಾಪುರ ಕಡೆಯ ಬಸಪ್ಪ ಬೆನ್ನುನೋವೆಂದು ಐದು ತಿಂಗಳಿಂದ ರಜೆಯಲ್ಲಿದ್ದ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸೋಗು ಹಾಕುತ್ತಾನೆಂದು ಅವನನ್ನು ಕೆಲಸದಿಂದ ತೆಗೆಯುವ ಕಾಗದವೂ ತಯಾರಾಗಿತ್ತು. ಕೊನೆಯ ತಪಾಸಣೆಗೆ ಅವನು ಬಂದಾಗ ನಾನು ಬೆನ್ನಿನ ಸುದ್ದಿಯನ್ನೇ ಎತ್ತಲಿಲ್ಲ.

“ಬಸಪ್ಪಣ್ಣ, ನಿದ್ದಿ ಬರ್ತೈತೇನ್ರಿ?” ಎಂದೆ.

“ಇಲ್ರಿ ಸಿಸ್ಟರ್. ಊಟಾನೂ ಸೇರೂದಿಲ್ಲ. ಮಗಳ್ನ ಎತ್ಕೊಳ್ಳಾಕೂ ಮನಸಾಗವಲ್ದು. ಇದನ್ನ ಯಾರೂ ಕೇಳಿರಲಿಲ್ರಿ,” ಎಂದವನೇ ಬಿಕ್ಕಿಬಿಕ್ಕಿ ಅತ್ತ.

ಮ್ಯಾನೇಜರರೊಂದಿಗೆ ಜಗಳಾಡಿ ಆ ಕಾಗದ ತಡೆಸಿದೆ. ಬಸಪ್ಪನನ್ನು ಮನೋವೈದ್ಯರ ಬಳಿ ನಾನೇ ಕರೆದೊಯ್ದೆ. ಬೆನ್ನುನೋವಿಗೂ ಖಿನ್ನತೆಯೇ ಕಾರಣ ಎಂದರು, ಔಷಧಿ ಶುರುವಾಯಿತು. ಮೂರು ತಿಂಗಳ ನಂತರ ಬಸಪ್ಪ ನಗುತ್ತ ತನ್ನ ಮಷೀನಿನ ಮುಂದೆ ನಿಂತಾಗ, ಗೆದ್ದುಬಿಟ್ಟೆವು ಅನ್ನಿಸಿತು.

ಅಂದೇ ಮ್ಯಾನೇಜರರು ನನ್ನನ್ನು ಪಕ್ಕಕ್ಕೆ ಕರೆದು, ಅವನ ಬೆನ್ನಿಗೆ ಯಾವ ಮುಲಾಮು ಹಚ್ಚಿದಿರಿ ಎಂದು ಕೇಳಿದರು. ತಮಗೂ ಬೇಕಿತ್ತಂತೆ.